ಅರಿವಳಿಕೆ ಹಾಗೂ ತೀವ್ರ ನಿಗಾ ಚಿಕಿತ್ಸೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಎಕಂಬಾ ಗ್ರಾಮವು ಮಹಾರಾಷ್ಟ್ರದ ಗಡಿಯ ಸಮೀಪದಲ್ಲಿದೆ. ಎಕಂಬಾ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಯಾರಿಗಾದರೂ ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ತೀವ್ರ ನಿಗಾ ಚಿಕಿತ್ಸೆ ಅಗತ್ಯವಾದಲ್ಲಿ ರೋಗಿಯನ್ನು ಮೊದಲು ಔರಾದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೀದರ್ ನಗರದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಗೆ, ಕೆಲವು ಸಂದರ್ಭಗಳಲ್ಲಿ ಕಲಬುರಗಿ ಅಥವಾ ಹೈದರಾಬಾದಿಗೆ ಕೊಂಡೊಯ್ಯಲಾಗುತ್ತದೆ. ಗಡಿಯಾಚೆಯ ಉದಗೀರ, ಲಾತೂರುಗಳಿಗೆ ಹೋಗುವವರೂ ಇದ್ದಾರೆ. ಭಾಲ್ಕಿ ತಾಲ್ಲೂಕಿನ ನಿವಾಸಿಗಳ ಪರಿಸ್ಥಿತಿಯೂ ಇದಕ್ಕಿಂತ ಹೆಚ್ಚು ಭಿನ್ನವಾಗಿಲ್ಲ.

ಇಂತಹ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ಸಂಬಂಧಿಕರು ಇತ್ತೀಚಿನ ವರ್ಷಗಳಲ್ಲಿ ಹೊಸ ಮಾತುಗಳನ್ನು ಕೇಳುತ್ತಿದ್ದಾರೆ. "ಕಂಪ್ಯೂಟರ್ ಮುನ್ನೆಚ್ಚರಿಕೆ ಕೊಟ್ಟಿದೆ", "ಬೆಂಗಳೂರಿನ ತಜ್ಞರು ಪರದೆಯಲ್ಲಿ ನೋಡುತ್ತಿದ್ದಾರೆ", "ಅಂಕ ಹೆಚ್ಚಾಗಿದೆ" ಎಂಬ ಮಾತುಗಳ ಅರ್ಥವೇನು, ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು, ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಏನನ್ನು ಕೇಳಬೇಕು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಈ ವಿಷಯಗಳನ್ನು ಸರಳವಾಗಿ ವಿವರಿಸುವುದು ಹಾಗೂ ಚಿಕಿತ್ಸೆ ಪಡೆಯಲು ಅರ್ಜಿ ಸಲ್ಲಿಸುವ ನಾಗರಿಕರಿಗೆ ಅವರ ಹಕ್ಕುಗಳನ್ನು ತಿಳಿಸುವುದು ಈ ಮಾಹಿತಿಯ ಉದ್ದೇಶವಾಗಿದೆ.

ಮುಖ್ಯ ಸೂಚನೆ: ಕೃತಕ ಬುದ್ಧಿಮತ್ತೆಯ ಸೌಲಭ್ಯಕ್ಕಾಗಿ ಪ್ರತ್ಯೇಕ ಅರ್ಜಿ ನಮೂನೆಯಾಗಲಿ ಪ್ರತ್ಯೇಕ ಶುಲ್ಕ ಪಾವತಿಯಾಗಲಿ ಇರುವುದಿಲ್ಲ. ಇದು ಆಸ್ಪತ್ರೆಯಲ್ಲಿ ದೊರೆಯುವ ಚಿಕಿತ್ಸೆಯ ಒಂದು ಸಲಕರಣೆ ಮಾತ್ರವಾಗಿದೆ. ಇಂತಹ ಸೌಲಭ್ಯ ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

2. ಅರಿವಳಿಕೆ ಎಂದರೇನು?

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ನೋವು ತಿಳಿಯದಂತೆ ಮಾಡುವ ವೈದ್ಯಕೀಯ ವಿಧಾನವೇ ಅರಿವಳಿಕೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬುವರು ಈಥರ್ ಅರಿವಳಿಕೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಅಂದಿನಿಂದ ಇಂದಿನವರೆಗೆ ಔಷಧಿಗಳು ಬದಲಾಗಿವೆ, ಯಂತ್ರಗಳು ಬದಲಾಗಿವೆ. ಆದರೆ ರೋಗಿಯ ಪಕ್ಕದಲ್ಲಿ ಕುಳಿತು ಉಸಿರು, ನಾಡಿ ಮತ್ತು ರಕ್ತದೊತ್ತಡವನ್ನು ಕಾಯುವ ವೈದ್ಯರ ಅಗತ್ಯ ಮಾತ್ರ ಬದಲಾಗಿಲ್ಲ.

ಅರಿವಳಿಕೆಯಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ.

(ಅ) ಪೂರ್ಣ ಅರಿವಳಿಕೆ: ರೋಗಿಯು ಸಂಪೂರ್ಣವಾಗಿ ಪ್ರಜ್ಞೆ ತಪ್ಪಿರುತ್ತಾನೆ. ಅನೇಕ ಸಂದರ್ಭಗಳಲ್ಲಿ ಉಸಿರಾಟವನ್ನು ಯಂತ್ರವು ನಡೆಸುತ್ತದೆ.
(ಆ) ಭಾಗಶಃ ಅರಿವಳಿಕೆ: ಬೆನ್ನಿಗೆ ಅಥವಾ ನರದ ಸುತ್ತ ಚುಚ್ಚುಮದ್ದು ನೀಡಿ ದೇಹದ ಒಂದು ಭಾಗವನ್ನು ಮರಗಟ್ಟಿಸಲಾಗುತ್ತದೆ. ಸಿಸೇರಿಯನ್ ಹೆರಿಗೆಗಳಲ್ಲಿ ಇದು ಸಾಮಾನ್ಯ.
(ಇ) ಸ್ಥಳೀಯ ಅರಿವಳಿಕೆ: ಗಾಯಕ್ಕೆ ಹೊಲಿಗೆ ಹಾಕುವಂತಹ ಸಣ್ಣ ಚಿಕಿತ್ಸೆಗಳಿಗೆ ಆ ಜಾಗವನ್ನು ಮಾತ್ರ ಮರಗಟ್ಟಿಸಲಾಗುತ್ತದೆ.

ತೀವ್ರ ನಿಗಾ ಘಟಕವು ಜೀವಕ್ಕೆ ಅಪಾಯವಿರುವ ರೋಗಿಗಳನ್ನು ಹಗಲಿರುಳು ನೋಡಿಕೊಳ್ಳುವ ವಿಭಾಗವಾಗಿದೆ. ಇಲ್ಲಿ ನಾಡಿ, ರಕ್ತದೊತ್ತಡ, ಉಸಿರಾಟದ ಗತಿ, ರಕ್ತದಲ್ಲಿನ ಆಮ್ಲಜನಕ, ಮೂತ್ರದ ಪ್ರಮಾಣ ಮುಂತಾದವುಗಳನ್ನು ನಿರಂತರವಾಗಿ ಅಳೆಯಲಾಗುತ್ತದೆ. ಒಬ್ಬ ರೋಗಿಯಿಂದಲೇ ದಿನವೊಂದಕ್ಕೆ ಸಾವಿರಾರು ಅಂಕಿಗಳು ದೊರೆಯುತ್ತವೆ. ಇಷ್ಟು ಅಂಕಿಗಳನ್ನು ಒಬ್ಬ ವೈದ್ಯರಾಗಲಿ ಶುಶ್ರೂಷಕಿಯಾಗಲಿ ಪ್ರತಿಕ್ಷಣವೂ ಗಮನಿಸುವುದು ಕಷ್ಟಸಾಧ್ಯ. ಕೃತಕ ಬುದ್ಧಿಮತ್ತೆಯು ನೆರವಿಗೆ ಬರುವುದು ಈ ಹಂತದಲ್ಲಿಯೇ.

3. ಕೃತಕ ಬುದ್ಧಿಮತ್ತೆಯು ಇಲ್ಲಿ ಮಾಡುವ ಕೆಲಸವೇನು?

ರೋಗಿಯ ಹಾಸಿಗೆಯ ಪಕ್ಕದ ಸಾಮಾನ್ಯ ಯಂತ್ರವು ನಿಗದಿತ ಮಿತಿ ದಾಟಿದಾಗ ಮಾತ್ರ ಶಬ್ದ ಮಾಡುತ್ತದೆ. ಉದಾಹರಣೆಗೆ, ರಕ್ತದೊತ್ತಡ ಕುಸಿದ ಮೇಲೆ ಅದು ಎಚ್ಚರಿಸುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಈ ಹಿಂದೆ ಚಿಕಿತ್ಸೆ ಪಡೆದ ಸಾವಿರಾರು ರೋಗಿಗಳ ದಾಖಲೆಗಳನ್ನು ಅಭ್ಯಾಸ ಮಾಡಿ, ಯಾವ ಬದಲಾವಣೆಗಳ ನಂತರ ಯಾವ ಅಪಾಯ ಬಂದಿತ್ತು ಎಂಬುದನ್ನು ಕಲಿತಿರುತ್ತದೆ. ಅದೇ ಬಗೆಯ ಬದಲಾವಣೆ ಹೊಸ ರೋಗಿಯಲ್ಲಿ ಕಂಡುಬಂದಾಗ, ಅಪಾಯ ಸಂಭವಿಸುವ ಮುನ್ನವೇ ಸೂಚನೆ ನೀಡಲು ಪ್ರಯತ್ನಿಸುತ್ತದೆ. ಆದುದರಿಂದ ಇದು ನೀಡುವುದು ಸಂಭವನೀಯತೆಯ ಅಂದಾಜನ್ನೇ ಹೊರತು ನಿಶ್ಚಿತ ಉತ್ತರವನ್ನಲ್ಲ.

ಅರಿವಳಿಕೆಯಲ್ಲಿನ ಮುಖ್ಯ ಉಪಯೋಗಗಳು ಈ ಕೆಳಕಂಡಂತಿವೆ.

(1) ರಕ್ತದೊತ್ತಡ ಕುಸಿತದ ಮುನ್ಸೂಚನೆ: ಶಸ್ತ್ರಚಿಕಿತ್ಸೆಯ ವೇಳೆ ಸರಾಸರಿ ರಕ್ತದೊತ್ತಡವು 65 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದಲ್ಲಿ ಮೂತ್ರಪಿಂಡ ಹಾಗೂ ಹೃದಯಕ್ಕೆ ಹಾನಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಅಪಧಮನಿಯ ನಾಡಿಯ ಅಲೆಯ ಆಕಾರವನ್ನು ವಿಶ್ಲೇಷಿಸಿ ಈ ಕುಸಿತವನ್ನು ಕೆಲವು ನಿಮಿಷ ಮೊದಲೇ ತಿಳಿಸುವ ತಂತ್ರಾಂಶಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಅನುಮತಿ ನೀಡಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ, ಮುನ್ಸೂಚನೆ ಬಳಸಿದ ರೋಗಿಗಳಲ್ಲಿ ರಕ್ತದೊತ್ತಡ ಕುಸಿದಿದ್ದ ಒಟ್ಟು ಅವಧಿಯ ಮಧ್ಯಾಂಕ 8 ನಿಮಿಷ ಮತ್ತು ಬಳಸದವರಲ್ಲಿ ಸುಮಾರು 33 ನಿಮಿಷ ಇದ್ದಿತು. ಆದರೆ ಸರಾಸರಿ ರಕ್ತದೊತ್ತಡವನ್ನೇ ಎಚ್ಚರದಿಂದ ಗಮನಿಸಿದರೂ ಬಹುಪಾಲು ಇದೇ ಫಲ ದೊರೆಯುತ್ತದೆ ಎಂದು ನಂತರದ ವರ್ಷಗಳಲ್ಲಿ ಕೆಲವು ತಜ್ಞರು ವಾದಿಸಿದ್ದಾರೆ.

(2) ಅರಿವಳಿಕೆಯ ಆಳವನ್ನು ಅಳೆಯುವುದು: ಹಣೆಗೆ ಅಂಟಿಸಿದ ಪಟ್ಟಿಯ ಮೂಲಕ ಮೆದುಳಿನ ವಿದ್ಯುತ್ ಅಲೆಗಳನ್ನು ಗ್ರಹಿಸಿ 0ರಿಂದ 100ರವರೆಗಿನ ಅಂಕವನ್ನು ನೀಡಲಾಗುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಈ ಅಂಕವನ್ನು ಸಾಮಾನ್ಯವಾಗಿ 40ರಿಂದ 60ರ ನಡುವೆ ಕಾಯ್ದುಕೊಳ್ಳಲಾಗುತ್ತದೆ.

(3) ಔಷಧಿಯ ಸ್ವಯಂಚಾಲಿತ ನಿಯಂತ್ರಣ: ಮೇಲಿನ ಅಂಕವನ್ನು ಆಧರಿಸಿ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧಿಯ ಪ್ರಮಾಣವನ್ನು ಕಂಪ್ಯೂಟರೇ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆಯನ್ನು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಡಾ. ಜಿ.ಡಿ. ಪುರಿ ಅವರ ತಂಡವು ಅಭಿವೃದ್ಧಿಪಡಿಸಿ, 2007ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿತು. ಲೇಹ್‌ನಂತಹ ಎತ್ತರದ ಪ್ರದೇಶದಲ್ಲಿಯೂ ಇದನ್ನು ಪರೀಕ್ಷಿಸಲಾಗಿದೆ. ಇದು ನಿಯಮಬದ್ಧ ಗಣಕ ನಿಯಂತ್ರಣವಾಗಿದ್ದು, ಇಂದಿನ ಅರ್ಥದ ಕಲಿಯುವ ತಂತ್ರಾಂಶವಲ್ಲ. ಆದರೂ ಈ ದಿಕ್ಕಿನಲ್ಲಿ ಭಾರತದಲ್ಲಿ ನಡೆದ ಮುಖ್ಯ ಪ್ರಯತ್ನವಾಗಿದೆ.

(4) ನರವನ್ನು ಗುರುತಿಸುವುದು: ಭಾಗಶಃ ಅರಿವಳಿಕೆ ನೀಡುವಾಗ ಅಲ್ಟ್ರಾಸೌಂಡ್ ಚಿತ್ರದಲ್ಲಿ ನರ, ರಕ್ತನಾಳ ಮತ್ತು ಸ್ನಾಯುಗಳಿಗೆ ಬೇರೆ ಬೇರೆ ಬಣ್ಣ ನೀಡಿ ವೈದ್ಯರಿಗೆ ತೋರಿಸುವ ತಂತ್ರಾಂಶಗಳು ಬಂದಿವೆ. ಸೂಜಿಯನ್ನು ಹಿಡಿಯುವವರು ವೈದ್ಯರೇ ಆಗಿರುತ್ತಾರೆ.

ತೀವ್ರ ನಿಗಾ ಘಟಕದಲ್ಲಿ ಸೆಪ್ಸಿಸ್ ಅಥವಾ ರಕ್ತದ ನಂಜಿನ ಮುನ್ಸೂಚನೆ, ಉಸಿರಾಟದ ಯಂತ್ರದಿಂದ ರೋಗಿಯನ್ನು ಬಿಡಿಸಲು ಸೂಕ್ತ ಸಮಯದ ಅಂದಾಜು, ಎದೆಯ ಎಕ್ಸ್-ರೇ ಪರಿಶೀಲನೆ ಹಾಗೂ ರೋಗಿಯ ಸ್ಥಿತಿ ಹದಗೆಡುತ್ತಿರುವುದರ ಎಚ್ಚರಿಕೆ ಮುಂತಾದ ಕಾರ್ಯಗಳಿಗೆ ಇದನ್ನು ಬಳಸಲಾಗುತ್ತಿದೆ.

4. ಕರ್ನಾಟಕದಲ್ಲಿನ ಬೆಳವಣಿಗೆಗಳು

2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಸಂದರ್ಭದಲ್ಲಿ ಜಿಲ್ಲೆಗಳಲ್ಲಿ ತೀವ್ರ ನಿಗಾ ತಜ್ಞರ ಕೊರತೆಯನ್ನು ತುಂಬಲು ರಾಜ್ಯ ಸರ್ಕಾರವು ಟೆಲಿ-ಐಸಿಯು ವ್ಯವಸ್ಥೆಯನ್ನು ಆರಂಭಿಸಿತು. ಬೆಂಗಳೂರಿನಲ್ಲಿ ಕುಳಿತ ತಜ್ಞರು ಜಿಲ್ಲಾ ಕೋವಿಡ್ ಆಸ್ಪತ್ರೆಗಳ ವೈದ್ಯರೊಂದಿಗೆ ವಿಡಿಯೋ ಮೂಲಕ ಪ್ರತಿ ಗಂಭೀರ ರೋಗಿಯ ಬಗ್ಗೆ ಚರ್ಚಿಸಿ ಸಲಹೆ ನೀಡುತ್ತಿದ್ದರು. ಇದು ಕೃತಕ ಬುದ್ಧಿಮತ್ತೆಯಲ್ಲ. ದೂರದಿಂದ ದೊರೆತ ಮನುಷ್ಯರ ಸಲಹೆ. ಆದರೆ ರೋಗಿಯ ಮಾಹಿತಿಯನ್ನು ಗಣಕೀಕರಿಸಿ ದೂರದ ಕೇಂದ್ರಕ್ಕೆ ತಲುಪಿಸುವ ಪದ್ಧತಿಯು ಇದರಿಂದ ಬಲಗೊಂಡಿತು.

2021ರ ಎರಡನೇ ಅಲೆಯ ನಂತರ, ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ 10 ಹಾಸಿಗೆಗಳ ತೀವ್ರ ನಿಗಾ ಘಟಕಗಳನ್ನು ಸ್ಥಾಪಿಸುವ ಸರ್ಕಾರಿ-ಖಾಸಗಿ ಸಹಭಾಗಿತ್ವದ ಕಾರ್ಯಕ್ರಮವು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಪ್ರಾರಂಭವಾಯಿತು. ಈ ಘಟಕಗಳನ್ನು ವೈದ್ಯಕೀಯ ಕಾಲೇಜುಗಳ ತಜ್ಞರೊಂದಿಗೆ ಜೋಡಿಸುವುದು ಇದರ ಪ್ರಮುಖ ಅಂಶವಾಗಿದೆ.

ಖಾಸಗಿ ವಲಯದಲ್ಲಿ ಬೆಂಗಳೂರಿನ ಎರಡು ಸಂಸ್ಥೆಗಳನ್ನು ಉದಾಹರಿಸಬಹುದು. 2015ರಲ್ಲಿ ಪ್ರಾರಂಭವಾದ ಡೋಝೀ ಎಂಬ ವ್ಯವಸ್ಥೆಯು ಹಾಸಿಗೆಯ ಕೆಳಗಿಡುವ ಹಾಳೆಯ ಮೂಲಕ, ರೋಗಿಯ ಮೈಗೆ ತಂತಿ ಜೋಡಿಸದೆ, ಹೃದಯ ಬಡಿತ ಮತ್ತು ಉಸಿರಾಟದ ಕಂಪನಗಳನ್ನು ಗ್ರಹಿಸುತ್ತದೆ. 2017ರಲ್ಲಿ ಸ್ಥಾಪನೆಯಾದ ಕ್ಲೌಡ್‌ಫಿಸಿಷಿಯನ್ ಸಂಸ್ಥೆಯು ದೂರದ ಊರುಗಳ ತೀವ್ರ ನಿಗಾ ಘಟಕಗಳನ್ನು ಬೆಂಗಳೂರಿನ ಕೇಂದ್ರದಿಂದ ವೀಕ್ಷಿಸುವ ಸೇವೆ ನೀಡುತ್ತದೆ. ಇವುಗಳನ್ನು ಇಲ್ಲಿ ಮಾಹಿತಿಗಾಗಿ ಮಾತ್ರ ಹೆಸರಿಸಲಾಗಿದ್ದು, ಶಿಫಾರಸು ಎಂದು ಪರಿಗಣಿಸತಕ್ಕದ್ದಲ್ಲ. ಯಾವ ಆಸ್ಪತ್ರೆಯಲ್ಲಿ ಯಾವ ವ್ಯವಸ್ಥೆ ಇದೆ ಎಂಬುದನ್ನು ಆಯಾ ಆಸ್ಪತ್ರೆಯಲ್ಲಿಯೇ ವಿಚಾರಿಸಿ ತಿಳಿಯತಕ್ಕದ್ದು.

5. ಮಿತಿಗಳು: ನಾಗರಿಕರು ಅವಶ್ಯವಾಗಿ ತಿಳಿದಿರಬೇಕಾದ ಅಂಶಗಳು

(1) ತಪ್ಪುವ ಮುನ್ಸೂಚನೆ: ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಸೆಪ್ಸಿಸ್ ಮುನ್ಸೂಚನೆಯ ಒಂದು ತಂತ್ರಾಂಶವನ್ನು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವತಂತ್ರವಾಗಿ ಪರೀಕ್ಷಿಸಿ 2021ರಲ್ಲಿ ವರದಿ ನೀಡಿದರು. ಸೆಪ್ಸಿಸ್ ಇದ್ದ ರೋಗಿಗಳಲ್ಲಿ ಶೇ. 67ರಷ್ಟು ಜನರನ್ನು ಅದು ಗುರುತಿಸಿರಲಿಲ್ಲ. ಇನ್ನೊಂದೆಡೆ, ದಾಖಲಾದ ಎಲ್ಲ ರೋಗಿಗಳಲ್ಲಿ ಶೇ. 18ರಷ್ಟು ಮಂದಿಗೆ ಎಚ್ಚರಿಕೆ ನೀಡಿತ್ತು. ಅನಗತ್ಯ ಎಚ್ಚರಿಕೆಗಳು ಹೆಚ್ಚಾದಲ್ಲಿ ಸಿಬ್ಬಂದಿಯು ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸುವ ಅಪಾಯವಿದೆ.

(2) ಬೇರೆ ದೇಶದ ರೋಗಿಗಳಿಂದ ಕಲಿತಿರುವುದು: ತೀವ್ರ ನಿಗಾ ಚಿಕಿತ್ಸೆಯ ಅನೇಕ ತಂತ್ರಾಂಶಗಳನ್ನು ಬಾಸ್ಟನ್ ನಗರದ ಒಂದು ಆಸ್ಪತ್ರೆಯಲ್ಲಿ 2001ರಿಂದ 2012ರವರೆಗೆ ದಾಖಲಾದ ನಲವತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿಂದ ತಯಾರಿಸಲಾಗಿದೆ. ಬೀದರ್ ಜಿಲ್ಲೆಯಂತಹ ಕೃಷಿ ಪ್ರಧಾನ ಪ್ರದೇಶದಲ್ಲಿ ಹಾವು ಕಡಿತ, ಕೀಟನಾಶಕದ ವಿಷಪ್ರಾಶನ, ಡೆಂಗ್ಯೂ, ಕ್ಷಯದಂತಹ ಕಾರಣಗಳಿಂದಲೂ ರೋಗಿಗಳು ಗಂಭೀರ ಸ್ಥಿತಿಗೆ ತಲುಪುತ್ತಾರೆ. ಇಂತಹ ರೋಗಿಗಳನ್ನು ಕಾಣದ ತಂತ್ರಾಂಶವು ಅವರ ವಿಷಯದಲ್ಲಿ ಸರಿಯಾದ ಅಂದಾಜು ನೀಡುವುದೆಂದು ಭಾವಿಸಲಾಗದು.

ಉದಾಹರಣೆಗೆ, ಆರ್ಗನೊಫಾಸ್ಫೇಟ್ ಕೀಟನಾಶಕದ ವಿಷವೇರಿದ ರೋಗಿಯಲ್ಲಿ ಬಾಯಲ್ಲಿ ನೊರೆ, ಅತಿಯಾದ ಬೆವರು, ಸಣ್ಣಗಾದ ಕಣ್ಣಪಾಪೆ ಕಂಡುಬರುತ್ತವೆ, ನಾಡಿಯೂ ನಿಧಾನವಾಗಬಹುದು. ಇದಕ್ಕೆ ಅಟ್ರೋಪಿನ್ ಔಷಧಿ ನೀಡಿದಾಗ ನಾಡಿಯ ವೇಗ ಹೆಚ್ಚುತ್ತದೆ. ವೈದ್ಯರು ಬಯಸುವುದೂ ಅದನ್ನೇ. ಆದರೆ ಸಾಮಾನ್ಯ ತಂತ್ರಾಂಶವು ವೇಗದ ನಾಡಿಯನ್ನು ಸ್ಥಿತಿ ಹದಗೆಡುತ್ತಿರುವ ಲಕ್ಷಣವೆಂದು ಎಣಿಸಬಹುದು. ಆದಕಾರಣ ರೋಗಿಯು ಏನನ್ನು ಸೇವಿಸಿದ್ದಾರೆ, ಎಷ್ಟು ಹೊತ್ತಿಗೆ ಸೇವಿಸಿದ್ದಾರೆ ಎಂಬುದನ್ನು ಸಂಬಂಧಿಕರು ಮುಚ್ಚಿಡದೆ ವೈದ್ಯರಿಗೆ ತಿಳಿಸುವುದು ಹಾಗೂ ಔಷಧಿಯ ಡಬ್ಬಿ ಅಥವಾ ಅದರ ಚೀಟಿಯನ್ನು ಜೊತೆಗೆ ತರುವುದು ಅತ್ಯಗತ್ಯ. ಈ ಮಾಹಿತಿಯನ್ನು ಯಾವ ಯಂತ್ರವೂ ತಾನಾಗಿ ತಿಳಿಯಲಾರದು. ಹಾವು ಕಡಿತವನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಇಂತಹ ದಾಖಲೆಗಳು ಸರಿಯಾಗಿ ಸಂಗ್ರಹವಾದಲ್ಲಿ ನಮ್ಮ ರೋಗಿಗಳಿಗೆ ಹೊಂದುವ ತಂತ್ರಾಂಶಗಳನ್ನು ರೂಪಿಸಲು ಮುಂದೆ ಸಹಾಯಕವಾಗಬಲ್ಲವು.

(3) ಅಳತೆಯೇ ತಪ್ಪಾಗಬಹುದು: ಬೆರಳಿಗೆ ಹಾಕುವ ಆಮ್ಲಜನಕ ಮಾಪಕವು ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಸಾಧ್ಯತೆಯಿದೆ ಎಂದು 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಅಲ್ಲಿ ಕಪ್ಪು ವರ್ಣೀಯ ರೋಗಿಗಳಲ್ಲಿ ಮಾಪಕದ ಕಣ್ಣಿಗೆ ಬೀಳದ ಆಮ್ಲಜನಕದ ಕೊರತೆಯು ಬಿಳಿ ವರ್ಣೀಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಉಗುರುಬಣ್ಣ, ದಟ್ಟವಾದ ಕಪ್ಪು ಮೆಹೆಂದಿ ಮತ್ತು ತಣ್ಣಗಾದ ಬೆರಳುಗಳಿಂದಲೂ ಅಳತೆ ಏರುಪೇರಾಗಬಹುದು. ಅಳತೆ ತಪ್ಪಾದಲ್ಲಿ ಅದನ್ನು ಆಧರಿಸಿದ ಮುನ್ಸೂಚನೆಯೂ ತಪ್ಪಾಗುತ್ತದೆ. ಶಸ್ತ್ರಚಿಕಿತ್ಸೆಗೆ ಬರುವ ಮುನ್ನ ಉಗುರುಬಣ್ಣವನ್ನು ತೆಗೆದಿರತಕ್ಕದ್ದು.

(4) ಯಂತ್ರವು ವೈದ್ಯರ ಬದಲಿಯಲ್ಲ: ಎಂಡೋಸ್ಕೋಪಿ ಪರೀಕ್ಷೆಗಳಲ್ಲಿ ಅರಿವಳಿಕೆ ತಜ್ಞರಿಲ್ಲದೆ ಮಂಪರು ಔಷಧಿ ನೀಡುವ ಯಂತ್ರವೊಂದಕ್ಕೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ದೊರೆತಿತ್ತು. ಬೇಡಿಕೆಯಿಲ್ಲದ ಕಾರಣ ತಯಾರಕರು 2016ರಲ್ಲಿ ಅದನ್ನು ಹಿಂತೆಗೆದುಕೊಂಡರು. ಇಂದಿಗೂ ಅರಿವಳಿಕೆ ನೀಡುವ ಹೊಣೆ ತರಬೇತಿ ಪಡೆದ ವೈದ್ಯರದ್ದೇ ಆಗಿದೆ.

6. ಕಾನೂನು ಮತ್ತು ಮಾರ್ಗಸೂಚಿಗಳು

(ಅ) 2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಗಳ ಪ್ರಕಾರ, ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳು ರೋಗಿಗೆ ಸಲಹೆ ನೀಡುವಂತಿಲ್ಲ ಮತ್ತು ಔಷಧಿ ಬರೆದುಕೊಡುವಂತಿಲ್ಲ. ನೋಂದಾಯಿತ ವೈದ್ಯರ ನಿರ್ಧಾರಕ್ಕೆ ನೆರವಾಗಲು ಮಾತ್ರ ಅವುಗಳನ್ನು ಬಳಸಬಹುದಾಗಿದೆ.

(ಆ) 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ರೋಗ ಪತ್ತೆ ಹಾಗೂ ಚಿಕಿತ್ಸೆಗೆ ಬಳಸುವ ತಂತ್ರಾಂಶವನ್ನೂ 2020ರ ಏಪ್ರಿಲ್ 1ರಿಂದ ಸೇರಿಸಲಾಗಿದೆ. ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ.

(ಇ) ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ಸಂಬಂಧಿಸಿದ ನೈತಿಕ ಮಾರ್ಗಸೂಚಿಗಳನ್ನು ಹೊರಡಿಸಿದೆ. ರೋಗಿಯ ಸ್ವಾಯತ್ತತೆ, ಸುರಕ್ಷತೆ, ಮಾಹಿತಿಯ ಗೋಪ್ಯತೆ, ಹೊಣೆಗಾರಿಕೆ, ತಾರತಮ್ಯವಿಲ್ಲದಿರುವಿಕೆ ಮುಂತಾದ 10 ತತ್ವಗಳನ್ನು ಅದರಲ್ಲಿ ವಿವರಿಸಲಾಗಿದೆ.

(ಈ) 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಅವು ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

(ಉ) 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತುರ್ತು ಸಂದರ್ಭವನ್ನು ಹೊರತುಪಡಿಸಿ, ಚಿಕಿತ್ಸೆಗೆ ಮುನ್ನ ರೋಗಿಗೆ ಸಾಕಷ್ಟು ಮಾಹಿತಿ ನೀಡಿ ಸಮ್ಮತಿ ಪಡೆಯಬೇಕೆಂದು ತೀರ್ಪು ನೀಡಿದೆ.

7. ಚಿಕಿತ್ಸೆ ಪಡೆಯುವ ವಿಧಾನ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಇದರಡಿ ಬಿಪಿಎಲ್ ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ಲಭ್ಯವಿದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಸರ್ಕಾರವು ಭರಿಸುತ್ತದೆ.

ಅನುಸರಿಸಬೇಕಾದ ಕ್ರಮ:

(1) ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಭೇಟಿ ನೀಡತಕ್ಕದ್ದು.
(2) ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ವೈದ್ಯರಿಂದ ಶಿಫಾರಸು ಪತ್ರ ಪಡೆದು ಯೋಜನೆಯಡಿ ನೋಂದಾಯಿತವಾದ ಆಸ್ಪತ್ರೆಗೆ ಹೋಗತಕ್ಕದ್ದು.
(3) ಯೋಜನೆಯಲ್ಲಿ ಪಟ್ಟಿ ಮಾಡಲಾದ ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಪತ್ರದ ಅಗತ್ಯವಿರುವುದಿಲ್ಲ.
(4) ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಸಂಪರ್ಕಿಸಿ ನೋಂದಣಿ ಮಾಡಿಸತಕ್ಕದ್ದು.
(5) ಉದಗೀರ, ಲಾತೂರು, ಹೈದರಾಬಾದ್ ಮುಂತಾದ ಹೊರ ರಾಜ್ಯದ ಆಸ್ಪತ್ರೆಗೆ ಹೋಗಲು ಇಚ್ಛಿಸುವವರು, ಸದರಿ ಆಸ್ಪತ್ರೆಯಲ್ಲಿ ಯೋಜನೆಯ ಸೌಲಭ್ಯ ದೊರೆಯುವುದೇ ಎಂಬುದನ್ನು ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು.

ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಸೇವೆಯನ್ನು ಉಚಿತವಾಗಿ ಪಡೆಯಬಹುದಾಗಿದೆ.

8. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಹಾಗೂ ಸಂಬಂಧಿಕರ ಕರ್ತವ್ಯಗಳು

ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಅದಕ್ಕೆ ದೊರೆಯುವ ಮಾಹಿತಿ ಸರಿಯಾಗಿರಬೇಕು. ಆದುದರಿಂದ ಅರಿವಳಿಕೆ ತಜ್ಞರ ಪೂರ್ವ ತಪಾಸಣೆಯಲ್ಲಿ ಈ ಕೆಳಗಿನ ವಿಷಯಗಳನ್ನು ತಪ್ಪದೆ ತಿಳಿಸತಕ್ಕದ್ದು.

- ಸಕ್ಕರೆ ಕಾಯಿಲೆ, ರಕ್ತದೊತ್ತಡ, ದಮ್ಮು, ಮೂರ್ಛೆ ರೋಗ ಅಥವಾ ಹೃದಯದ ತೊಂದರೆ ಇದ್ದಲ್ಲಿ ಅದರ ವಿವರ.
- ಸೇವಿಸುತ್ತಿರುವ ಎಲ್ಲ ಔಷಧಿಗಳು. ನಾಟಿ ಔಷಧಿ, ಆಯುರ್ವೇದ, ಯುನಾನಿ ಔಷಧಿಗಳನ್ನೂ ಹೇಳತಕ್ಕದ್ದು.
- ತಂಬಾಕು, ಗುಟ್ಕಾ, ಮದ್ಯ ಸೇವನೆಯ ಅಭ್ಯಾಸ.
- ಈ ಹಿಂದೆ ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಅರಿವಳಿಕೆಯಿಂದ ತೊಂದರೆಯಾಗಿದ್ದಲ್ಲಿ ಅದರ ಮಾಹಿತಿ.
- ಅಲುಗಾಡುವ ಹಲ್ಲು ಅಥವಾ ಕಟ್ಟಿಸಿದ ಹಲ್ಲು.

ವೈದ್ಯರು ಬೇರೆ ರೀತಿ ತಿಳಿಸದ ಹೊರತು, ವಯಸ್ಕರು ಶಸ್ತ್ರಚಿಕಿತ್ಸೆಗೆ ಕನಿಷ್ಠ 6 ಗಂಟೆ ಮೊದಲು ಆಹಾರವನ್ನು ಮತ್ತು 2 ಗಂಟೆ ಮೊದಲು ನೀರನ್ನು ನಿಲ್ಲಿಸತಕ್ಕದ್ದು. ಹಾಲು ಬೆರೆಸಿದ ಚಹಾವನ್ನು ಆಹಾರವೆಂದೇ ಪರಿಗಣಿಸಲಾಗುತ್ತದೆ. ಹೊಟ್ಟೆಯಲ್ಲಿ ಆಹಾರವಿದ್ದಾಗ ಪ್ರಜ್ಞೆ ತಪ್ಪಿಸಿದಲ್ಲಿ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗಬಹುದು.

ಸಮ್ಮತಿ ಪತ್ರವನ್ನು ತಮಗೆ ತಿಳಿಯುವ ಭಾಷೆಯಲ್ಲಿ ವಿವರಿಸುವಂತೆ ಕೇಳುವುದು ರೋಗಿಯ ಹಕ್ಕು. ಔರಾದ ಹಾಗೂ ಭಾಲ್ಕಿ ಭಾಗದಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು, ತೆಲುಗು ಹಾಗೂ ಲಂಬಾಣಿ ಮಾತನಾಡುವವರೂ ಇರುವುದರಿಂದ, ಅರ್ಥವಾಗದೆ ಹೆಬ್ಬೆರಳು ಒತ್ತುವುದಾಗಲಿ ಸಹಿ ಹಾಕುವುದಾಗಲಿ ಮಾಡಬಾರದು.

9. ವೈದ್ಯರಲ್ಲಿ ಕೇಳಬಹುದಾದ ಪ್ರಶ್ನೆಗಳು

(1) ಈ ಎಚ್ಚರಿಕೆ ಅಥವಾ ಅಂಕವನ್ನು ನೀಡಿದ್ದು ತಂತ್ರಾಂಶವೋ, ವೈದ್ಯರೋ?
(2) ಅದನ್ನು ಯಾವ ವೈದ್ಯರು ಪರಿಶೀಲಿಸಿದ್ದಾರೆ? ಅವರ ಅಭಿಪ್ರಾಯವೂ ಅದೇ ಆಗಿದೆಯೇ?
(3) ವಿದ್ಯುತ್ ಅಥವಾ ಇಂಟರ್‌ನೆಟ್ ಸಂಪರ್ಕ ಕಡಿತಗೊಂಡಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಯಾರು?
(4) ರೋಗಿಯ ಮಾಹಿತಿ ಎಲ್ಲಿ ಸಂಗ್ರಹವಾಗುತ್ತದೆ? ಸಂಶೋಧನೆಗೆ ಬಳಸಲಾಗುತ್ತದೆಯೇ?
(5) ದೂರದ ಕೇಂದ್ರದಿಂದ ಸಲಹೆ ನೀಡುವ ತಜ್ಞರ ಹೆಸರೇನು? ಅವರ ಸಲಹೆಯನ್ನು ದಾಖಲೆಯಲ್ಲಿ ಬರೆಯಲಾಗಿದೆಯೇ?

ಇಂತಹ ಪ್ರಶ್ನೆಗಳನ್ನು ಕೇಳುವುದು ವೈದ್ಯರ ಮೇಲಿನ ಅವಿಶ್ವಾಸವಲ್ಲ.

10. ಚಿಕಿತ್ಸೆ ಮುಂದುವರಿಸುವ ಅಥವಾ ನಿಲ್ಲಿಸುವ ನಿರ್ಧಾರ

ರೋಗಿಯು ಬದುಕುಳಿಯುವ ಸಾಧ್ಯತೆಯನ್ನು ಶೇಕಡಾವಾರು ಲೆಕ್ಕದಲ್ಲಿ ಅಂದಾಜಿಸುವ ಪದ್ಧತಿಗಳು 1981ರಿಂದಲೂ ಬಳಕೆಯಲ್ಲಿವೆ. ಹೊಸ ತಂತ್ರಾಂಶಗಳೂ ಇಂತಹ ಅಂದಾಜು ನೀಡುತ್ತವೆ. ಇದು ಗುಂಪಿನ ಲೆಕ್ಕ. ಬದುಕುವ ಸಾಧ್ಯತೆ ಶೇ. 10 ಎಂದರೆ ಅಂತಹ ನೂರು ರೋಗಿಗಳಲ್ಲಿ ಸುಮಾರು ಹತ್ತು ಮಂದಿ ಬದುಕುತ್ತಾರೆ ಎಂದರ್ಥ. ತಮ್ಮ ಮನೆಯವರು ಆ ಹತ್ತರಲ್ಲಿ ಒಬ್ಬರೇ, ಉಳಿದ ತೊಂಬತ್ತರಲ್ಲಿ ಒಬ್ಬರೇ ಎಂಬುದನ್ನು ಆ ಅಂಕಿ ಹೇಳಲಾರದು. ಆದಕಾರಣ ಕೇವಲ ಇಂತಹ ಅಂಕಿಯನ್ನು ಆಧರಿಸಿ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ.

ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪು ಮತ್ತು 2023ರ ಮಾರ್ಪಾಡಿನ ಅನ್ವಯ, ಗುಣವಾಗುವ ಭರವಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೊಳಗೊಂಡ ಪ್ರಾಥಮಿಕ ವೈದ್ಯಕೀಯ ಮಂಡಳಿ ಹಾಗೂ ದ್ವಿತೀಯ ವೈದ್ಯಕೀಯ ಮಂಡಳಿ ಎರಡೂ ಒಪ್ಪಬೇಕು. ರೋಗಿಯ ಸಂಬಂಧಿಕರ ಸಮ್ಮತಿಯೂ ಅಗತ್ಯ. ಈ ಕುರಿತು ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ವಯಸ್ಕರು ಸ್ವಸ್ಥಚಿತ್ತದಲ್ಲಿರುವಾಗ ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಬರೆದಿಡಬಹುದಾಗಿದೆ.

11. ದಾಖಲೆಗಳು ಮತ್ತು ದೂರುಗಳು

(1) ವೈದ್ಯಕೀಯ ದಾಖಲೆಗಳು: 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ರೋಗಿ ಅಥವಾ ಅಧಿಕೃತ ಪ್ರತಿನಿಧಿಯು ಕೋರಿದಲ್ಲಿ 72 ಗಂಟೆಗಳ ಒಳಗೆ ದಾಖಲೆಗಳನ್ನು ನೀಡತಕ್ಕದ್ದು. ಒಳರೋಗಿಯ ದಾಖಲೆಗಳನ್ನು 3 ವರ್ಷಗಳ ಕಾಲ ಕಾಯ್ದಿರಿಸತಕ್ಕದ್ದು. ಅರ್ಜಿಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಅರಿವಳಿಕೆಯ ದಾಖಲೆ ಹಾಳೆ ಹಾಗೂ ಟೆಲಿ-ಐಸಿಯು ಸಲಹೆಯ ಟಿಪ್ಪಣಿಯನ್ನು ಅರ್ಜಿಯಲ್ಲಿ ಹೆಸರಿಸಿ ಕೇಳತಕ್ಕದ್ದು.

(2) ಸರ್ಕಾರಿ ಆಸ್ಪತ್ರೆಗೆ ಸಂಬಂಧಿಸಿದ ದೂರು: ವೈದ್ಯಕೀಯ ಅಧೀಕ್ಷಕರು ಅಥವಾ ಆಡಳಿತ ವೈದ್ಯಾಧಿಕಾರಿ, ನಂತರ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿ, ಬೀದರ್. ವೈದ್ಯಕೀಯ ಕಾಲೇಜು ಆಸ್ಪತ್ರೆಯಾದಲ್ಲಿ ಸಂಸ್ಥೆಯ ನಿರ್ದೇಶಕರು.

(3) ಖಾಸಗಿ ಆಸ್ಪತ್ರೆಗೆ ಸಂಬಂಧಿಸಿದ ದೂರು: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ.

(4) ಮಾಹಿತಿ ಹಕ್ಕು: ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ತಂತ್ರಾಂಶವನ್ನು ಬಳಸಲಾಗುತ್ತಿದೆ ಎಂಬ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ 2005ರಡಿ ಕೋರಬಹುದಾಗಿದೆ. ಶುಲ್ಕ ರೂ. 10, ಬಿಪಿಎಲ್ ಅರ್ಜಿದಾರರಿಗೆ ವಿನಾಯಿತಿ ಇದೆ. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿದ್ದು, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳ ಒಳಗೆ ನೀಡತಕ್ಕದ್ದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೃತಕ ಬುದ್ಧಿಮತ್ತೆ ಇಲ್ಲದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಸುರಕ್ಷಿತವೇ?
ಉತ್ತರ: ಹೌದು. ಅರ್ಹ ಅರಿವಳಿಕೆ ತಜ್ಞರು, ಆಮ್ಲಜನಕ, ಸುಸ್ಥಿತಿಯಲ್ಲಿರುವ ಸಾಮಾನ್ಯ ಮಾಪಕಗಳು ಮತ್ತು ತರಬೇತಿ ಪಡೆದ ಶುಶ್ರೂಷಕರು ಸುರಕ್ಷತೆಗೆ ಮೂಲಾಧಾರ. ಇವುಗಳಿಲ್ಲದ ಕಡೆ ತಂತ್ರಾಂಶವೊಂದೇ ರೋಗಿಯನ್ನು ಉಳಿಸಲಾರದು.

ಪ್ರಶ್ನೆ: ಹೆಚ್ಚುವರಿ ಹಣ ನೀಡಬೇಕೇ?
ಉತ್ತರ: ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಪ್ಯಾಕೇಜಿನಡಿ ಬರುವ ಚಿಕಿತ್ಸೆಗೆ ಬಿಪಿಎಲ್ ಫಲಾನುಭವಿಗಳಿಂದ ಪ್ರತ್ಯೇಕ ಹಣ ಪಡೆಯುವಂತಿಲ್ಲ. ಕೇಳಿದಲ್ಲಿ ಆರೋಗ್ಯ ಮಿತ್ರರಿಗೆ ತಿಳಿಸತಕ್ಕದ್ದು.

ಪ್ರಶ್ನೆ: ಸಂಶೋಧನೆಗೆ ಮಾಹಿತಿ ನೀಡಲು ನಿರಾಕರಿಸಿದಲ್ಲಿ ಚಿಕಿತ್ಸೆ ನಿಲ್ಲುವುದೇ?
ಉತ್ತರ: ಇಲ್ಲ. ಸಂಶೋಧನೆಯಲ್ಲಿ ಭಾಗವಹಿಸುವುದು ಸ್ವಇಚ್ಛೆಗೆ ಬಿಟ್ಟದ್ದು. ನಿರಾಕರಿಸಿದ ಕಾರಣಕ್ಕೆ ಚಿಕಿತ್ಸೆಯಲ್ಲಿ ಯಾವುದೇ ವ್ಯತ್ಯಾಸ ಮಾಡುವಂತಿಲ್ಲ.

ಪ್ರಶ್ನೆ: ತಂತ್ರಾಂಶದ ತಪ್ಪಿನಿಂದ ತೊಂದರೆಯಾದಲ್ಲಿ ಹೊಣೆ ಯಾರದು?
ಉತ್ತರ: ಚಿಕಿತ್ಸೆಯ ನಿರ್ಧಾರ ವೈದ್ಯರದ್ದಾಗಿರುವುದರಿಂದ, "ಯಂತ್ರ ಹೇಳಿತು" ಎಂಬ ಉತ್ತರದಿಂದ ಹೊಣೆ ಮುಗಿಯುವುದಿಲ್ಲ. ಮೇಲ್ಕಂಡ ಪ್ರಾಧಿಕಾರಗಳಲ್ಲಿ ದೂರು ಸಲ್ಲಿಸಬಹುದಾಗಿದೆ.

ಪ್ರಶ್ನೆ: ಮೊಬೈಲ್‌ನಲ್ಲಿ ದೊರೆಯುವ ಕೃತಕ ಬುದ್ಧಿಮತ್ತೆಯ ಸಲಹೆಯಂತೆ ಔಷಧಿ ಬದಲಾಯಿಸಬಹುದೇ?
ಉತ್ತರ: ಬದಲಾಯಿಸಬಾರದು. ವಿಶೇಷವಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತ ತೆಳುವಾಗಿಸುವ, ಸಕ್ಕರೆ ಕಾಯಿಲೆಯ ಹಾಗೂ ರಕ್ತದೊತ್ತಡದ ಔಷಧಿಗಳನ್ನು ವೈದ್ಯರ ಸೂಚನೆಯಿಲ್ಲದೆ ನಿಲ್ಲಿಸುವುದು ಅಪಾಯಕರ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿ ಅಥವಾ 104 ಆರೋಗ್ಯ ಸಹಾಯವಾಣಿಯನ್ನು ಸಂಪರ್ಕಿಸಬಹುದಾಗಿದೆ.